ಗುರಿ ತಪ್ಪದ ರಿವಾಲ್ವರ್

ಯಾವ ರಿವಾಲ್ವರ್ ಗುರಿ ತಪ್ಪುವುದಿಲ್ಲ ಎಂದು ಹೊಸನಗರದಲ್ಲಿ ಯಾರೂ ಕೇಳದಿದ್ದರೂ ಮಾಸ್ತಪ್ಪನವರು ಉತ್ತರ ಹೇಳುತ್ತಾರೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಬ್ಬರು ಮಂಗನ ಕಾಟದ ಮಾತೆತ್ತಿದರೆ ಸಾಕು, ಬಾಯಲ್ಲಿದ್ದ ಎಲೆಯಡಿಕೆ ಕವಳ ಉಗಿದು ಬಂದು ಎದುರಿಗೆ ಕೂರುತ್ತಾರೆ. "ನಳಿಗೆ ಉದ್ದ ಇರ್ಬೇಕು ಮಾರಾಯ್ರೆ. ಗಿಡ್ಡ ನಳಿಗೇದು ಬರೀ ಸದ್ದಿಗೆ" ಎನ್ನುತ್ತ ಚಮಚ ಎತ್ತಿ ಒಂದು ಕಣ್ಣು ಮುಚ್ಚುತ್ತಾರೆ, ಗೋಡೆಯ ಗಡಿಯಾರ ಹೀಗೆ ದಿನಕ್ಕೆ ನಾಲ್ಕು ಸಲ ಸಾಯುತ್ತದೆ. ಸಾಗರದವರಿಗೆ ಕೈ ನಡುಗುತ್ತದೆ, ತೀರ್ಥಹಳ್ಳಿಯವರಿಗೆ ಉಸಿರು ಹಿಡಿಯಲು ಬರುವುದಿಲ್ಲ, ಆದ್ದರಿಂದ ಮೂರು ತಾಲ್ಲೂಕಿಗೆ ಗುರಿಕಾರ ತಾನೊಬ್ಬನೇ ಎಂಬುದು ಅವರ ನಂಬಿಕೆ. ಚುನಾವಣೆ ಘೋಷಣೆಯಾಗಿ, ಲೈಸೆನ್ಸ್ ಇದ್ದವರೆಲ್ಲ ಆಯುಧವನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬಂದರೆ ಉಳಿದವರು ಗೊಣಗುತ್ತಾರೆ. ಮಾಸ್ತಪ್ಪನವರು ಇಸ್ತ್ರಿ ಅಂಗಿ ತೊಟ್ಟು ಸರದಿಯಲ್ಲಿ ಮೊದಲಿಗರಾಗಿ ನಿಲ್ಲುತ್ತಾರೆ. ಫಲಿತಾಂಶ ಬಂದ ಮೇಲೆ ಅದನ್ನು ವಾಪಸ್ ಒಯ್ಯಲು ಮಾತ್ರ ಪೊಲೀಸರು ಮೂರು ಸಲ ಫೋನ್ ಮಾಡಬೇಕು. ಈ ಸಲ ಪೇದೆ ಕೇಳಿಯೇಬಿಟ್ಟ: "ಮಾಸ್ತಣ್ಣ, ಇಷ್ಟು ಒಳ್ಳೆ ರಿವಾಲ್ವರ್ ನಿಮ್ಗೆ ಬೇಡ್ವಾ?" ಮಾಸ್ತಪ್ಪನವರು ಅದರ ಕಡೆ ನೋಡಲಿಲ್ಲ. "ಒಂದೇ ಒಂದ್ಸಲ ಹೊಡ್ದಿದೀನಿ. ಗುರಿ ತಪ್ಪಲಿಲ್ಲ. ಮಂಗ ಬಿತ್ತು. ಅದರ ಹೊಟ್ಟೆಗೆ ಕಚ್ಕೊಂಡಿದ್ದ ಮರಿ ಸಂಜೆ ತನಕ ಕೈ ಬಿಡ್ಲಿಲ್ಲ."