ಬೆಳಗಿನ ಐದಕ್ಕೆ ಮಿಶಿಗನ್ನಿಗೆ ಫೋನು

ಟೋಕಿಯೊದಲ್ಲಿ ಬೆಳಗಿನ ಐದು ಗಂಟೆ. ಎಡೋಗಾವಾದ ಒಂದು ಹಳೆಯ ಗ್ಯಾರೇಜಿನ ಮೂಲೆಯಲ್ಲಿರುವ ಪುಟ್ಟ ಆಫೀಸಿನಲ್ಲಿ, ಷಟರ್ ಅರ್ಧ ಎತ್ತಿಕೊಂಡು, ಪದ್ಮಾವತಿ ಫೋನ್ ಹಿಡಿದು ಕೂತಿದ್ದಾರೆ. ಆ ಕಡೆ ಇರುವುದು ಅಮೆರಿಕದ ಮಿಶಿಗನ್ ರಾಜ್ಯ. ಅಲ್ಲಿನ್ನೂ ನಿನ್ನೆಯ ಸಂಜೆ ನಾಲ್ಕು. ಹಳೆಯ ಕಾರುಗಳ ಗುಜರಿ ಅಂಗಡಿಯ ಲೊರೇನ್ ಎಂಬ ಹೆಂಗಸು ಗೋದಾಮಿನ ಅಟ್ಟದಿಂದ ಒಂದು ಡಬ್ಬಿ ಇಳಿಸಿಕೊಂಡಿದ್ದಾರೆ. ಅದರೊಳಗಿರುವುದು ಬ್ರೇಕ್ ಡ್ರಮ್, ಅಂದರೆ ಗಾಲಿಯ ಒಳಗೆ ಕೂತು ಕಾರನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಬೋಗುಣಿ.

"ತೂತು ಎಣಿಸಿ ಲೊರೇನ್. ಡಬ್ಬಿ ಮೇಲೆ ಬರೆದಿರೋದು ಓದಬೇಡಿ, ಬೆರಳಿಟ್ಟು ಎಣಿಸಿ," ಎಂದು ಪದ್ಮಾವತಿ ಇಂಗ್ಲಿಷಿನಲ್ಲಿ ಗೋಗರೆಯುತ್ತಾರೆ. ಸ್ಪೀಕರ್ ಹಾಕಿರುವುದರಿಂದ, ಅವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತದೆ. ರಟ್ಟು ಹರಿಯುವ ಸದ್ದು, ಒಂದು ಕೆಮ್ಮು, ಆಮೇಲೆ ಒನ್, ಟೂ, ತ್ರೀ, ಫೋರ್. ಅಲ್ಲಿಗೆ ಆ ದನಿ ನಿಲ್ಲುತ್ತದೆ. ಪದ್ಮಾವತಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಒಂದು ಕ್ಷಣ ಬಿಟ್ಟು ಅಲ್ಲಿಂದ "ಫೈವ್" ಎಂಬ ಮಾತು ಬರುತ್ತದೆ.

"ಐದು! ಐದು ಇದೆಯಂತೆ ಮೇಡಂ," ಎಂದು ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದವರು, ಮತ್ತೆ ಫೋನಿಗೆ ಬಾಯಿಟ್ಟು, ಟೇಪು ತಂದು ಅಡ್ಡಗಲ ಅಳೆಯಿರಿ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಒಂದು ಬೋಗುಣಿಯ ತೂತಿಗೆ ಇಷ್ಟು ರಾಮಾಯಣವೇ ಎಂದು ನನಗೆ ಅನ್ನಿಸಿದ್ದು ನಿಜ. ಕಾರು ಓಡಿಸಲು ಬಾರದವಳು ನಾನು. ಅದರ ಹಿಂದಿನ ಕತೆ ಗೊತ್ತಾದ ಮೇಲೆ ತೆಪ್ಪಗಾದೆ.

ನಲವತ್ತೇಳು ವರ್ಷದ ಪದ್ಮಾವತಿ ಹದಿನೈದು ವರ್ಷಗಳಿಂದ ಇದೇ ಎಡೋಗಾವಾದ ಫುನಾಬೊರಿಯಲ್ಲಿದ್ದಾರೆ. ಶಿಯೋದಾ-ಸಾನ್ (ಅಂದರೆ ಶಿಯೋದಾ ಅವರು) ಎಂಬ ಎಪ್ಪತ್ತರ ಮೆಕ್ಯಾನಿಕ್ ನಡೆಸುವ ಈ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿದೆ. ಇಲ್ಲಿಗೆ ಬರುವುದು ಹೆಚ್ಚಾಗಿ ಫೋರ್ಡ್ ಕಾರುಗಳು. ಬಿಚ್ಚುವುದು, ಕೂಡಿಸುವುದು ಶಿಯೋದಾ-ಸಾನ್ ಪಾಲಿಗೆ. ಕಾರಿನ ಕಾಯಿಲೆ ಏನೆಂದು ಮಾಲೀಕರ ಬಾಯಿ ಬಿಡಿಸುವುದು, ಅದಕ್ಕೆ ಬೇಕಾದ ಬಿಡಿಭಾಗವನ್ನು ಭೂಮಿಯ ಯಾವ ಮೂಲೆಯಲ್ಲಿದ್ದರೂ ಹುಡುಕಿ ತರಿಸುವುದು ಪದ್ಮಾವತಿಯ ಪಾಲಿಗೆ. ಅಮೆರಿಕದ ಅಂಗಡಿಗಳು ಬಾಗಿಲು ಹಾಕುವುದರೊಳಗೆ ಫೋನ್ ಮಾಡಬೇಕು. ಹಾಗಾಗಿ ನಾಲ್ಕೂಮುಕ್ಕಾಲಿಗೆ ಸೈಕಲ್ ಹತ್ತುತ್ತಾರೆ. ಮನೆಯಿಂದಲೇ ಮಾಡಬಹುದಲ್ಲ ಎಂದು ಕೇಳಿದೆ.

"ಮಾಡ್ತಿದ್ದೆ. ನಮ್ದು ಜೋರು ಬಾಯಿ ನೋಡಿ. ಒಂದಿನ ಪಕ್ಕದ ಮನೆಯವರು ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ರು. ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ, ಬೆಳಿಗ್ಗೆ ಬೆಳಿಗ್ಗೆ ಕೇಳಿಸತ್ತೆ ಅಂತ. ಹೊಗಳ್ತಿದಾರೆ ಅಂದ್ಕೊಂಡು ನಾನು ಮೈಸೂರುಪಾಕು ತಗೊಂಡು ಹೋಗಿ ಅರಿಗಾತೋ, ಥ್ಯಾಂಕ್ಸ್ ಅಂತ ಹೇಳಿ ಬಂದೆ! ನನ್ನ ಮಗಳು ಚೀಟಿ ಓದಿ ತಲೆ ಚಚ್ಕೊಂಡ್ಳು."

ಮಗಳು ಅಪೂರ್ವಾಳಿಗೆ ಈಗ ಹದಿನಾಲ್ಕು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನಿ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ. ಗಂಡ ಮಹೇಶ ಕನಾಗಾವಾದ ಕಡೆಯ ಒಂದು ಕಾರು ಕಂಪನಿಯಲ್ಲಿ ಎಂಜಿನಿಯರು. ಅವರೇನೋ ಹೊಸ ಕಾರು ಮಾಡುತ್ತಾರೆ, ಹೆಂಡತಿ ಯಾರಿಗೂ ಬೇಡವಾದ ಕಾರನ್ನು ಉಳಿಸುತ್ತಾರೆ. ಒಂದು ಭಾನುವಾರ ಹುಮ್ಮಸ್ಸಿನಿಂದ ಗ್ಯಾರೇಜಿಗೆ ಬಂದ ಮಹೇಶ ಅರ್ಧ ಇಂಚಿನ ಬೋಲ್ಟಿಗೆ ಹದಿಮೂರು ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿ, ಅದರ ಮೂಲೆಗಳನ್ನೆಲ್ಲ ಸವೆಸಿ ಗುಂಡಗೆ ಮಾಡಿಟ್ಟರಂತೆ. "ಕಾಲು ಮಿಲಿಮೀಟರ್ ಡಿಫರೆನ್ಸ್ ಏನ್ ಮಹಾ ಅಂದ್ಕೊಂಡೆ. ಆವತ್ತಿಂದ ಶಿಯೋದಾ-ಸಾನ್ ನಂಗೆ ಬರೀ ಟೀ ಕೊಟ್ಟು ಕಳಿಸ್ತಾರೆ, ಸ್ಪ್ಯಾನರ್ ಮುಟ್ಟಕ್ಕೆ ಬಿಡಲ್ಲ," ಎಂದು ಅವರೇ ನಗುತ್ತಾರೆ.

ಪದ್ಮಾವತಿಗೆ ಈ ವಿದ್ಯೆ ಬಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಅಪ್ಪ ಅಲ್ಲಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮೂವತ್ತು ವರ್ಷ ಸ್ಟೋರ್ ನೋಡಿಕೊಂಡವರು. ಕಾಲೇಜಿಗೆ ರಜೆ ಬಂದಾಗೆಲ್ಲ ಮಗಳನ್ನು ಕೌಂಟರಿನ ಹಿಂದೆ ಕೂರಿಸುತ್ತಿದ್ದರು. ಬೇರಿಂಗ್ ನಂಬರುಗಳು ಆಕೆಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ಬಿ.ಕಾಂ. ಆಯಿತು, ಮದುವೆಯಾಯಿತು, ಜಪಾನಿಗೆ ಬಂದರು. ಇಲ್ಲಿ ನಾಲ್ಕು ವರ್ಷ ಭಾಷೆ ಕಲಿಯುವುದರಲ್ಲಿ, ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಕರೆತರುವುದರಲ್ಲಿ ಕಳೆಯಿತು. ಒಂದು ದಿನ ಗ್ಯಾರೇಜಿನ ಗೋಡೆಯಲ್ಲಿ 'ಫೋನಿನಲ್ಲಿ ಇಂಗ್ಲಿಷ್ ಮಾತಾಡುವವರು ಬೇಕು' ಎಂಬ ಕೈಬರಹದ ಕಾಗದ ಕಂಡಿತು. ಒಳಗೆ ಹೋದರೆ, ಶಿಯೋದಾ-ಸಾನ್ ಮೇಜಿನ ಮೇಲಿದ್ದ ಬೇರಿಂಗ್ ಒಂದನ್ನು ಮುಂದೆ ತಳ್ಳಿದರಂತೆ. ಇವರು ತಿರುಗಿಸಿ ನೋಡಿ ನಂಬರು ಹೇಳಿದರು. ಅಷ್ಟೇ ಇಂಟರ್‌ವ್ಯೂ.

ಫೋರ್ಡ್ ಮತ್ತು ಜಪಾನಿನ ನಂಟು ನೂರು ವರ್ಷದ್ದು. 1923ರ ಭೂಕಂಪದಲ್ಲಿ ಟೋಕಿಯೊದ ಟ್ರಾಮ್ ಹಳಿಗಳೆಲ್ಲ ಕಿತ್ತುಹೋದಾಗ, ನಗರಸಭೆ ಫೋರ್ಡ್‌ನ ಮಾಡೆಲ್ ಟಿ ಗಾಡಿಗಳನ್ನು ನೂರಾರು ಸಂಖ್ಯೆಯಲ್ಲಿ ತರಿಸಿ ಬಸ್ಸು ಕಟ್ಟಿಸಿ ಓಡಿಸಿತು. ಎರಡು ವರ್ಷದಲ್ಲಿ ಕಂಪನಿಯೇ ಬಂದು ಯೊಕೊಹಾಮಾದಲ್ಲಿ ಕಾರು ಜೋಡಿಸಲು ಶುರುಮಾಡಿತು. ಯುದ್ಧಕ್ಕೆ ಮುಂಚೆ ಸರ್ಕಾರ ಸ್ವದೇಶಿ ಕಾರುಗಳ ಪರ ನಿಂತಿತು, ಫೋರ್ಡ್ ಜಾಗ ಖಾಲಿಮಾಡಿತು. ಯುದ್ಧ ಮುಗಿದ ಮೇಲೆ ಮತ್ತೆ ಬಂತು. 2016ರಲ್ಲಿ ಇಲ್ಲಿನ ವ್ಯಾಪಾರ ಮುಚ್ಚಿ ಮತ್ತೆ ಹೊರಟಿತು. ಐದು ವರ್ಷದ ಮೇಲೆ ಭಾರತದಲ್ಲೂ ಕಾರು ತಯಾರಿಸುವುದನ್ನು ನಿಲ್ಲಿಸಿತು. ಕಂಪನಿಗಳು ಲೆಕ್ಕ ನೋಡಿ ಬರುತ್ತವೆ, ಹೋಗುತ್ತವೆ. ಅವು ಬಿಟ್ಟುಹೋದ ಕಾರು ಮಾತ್ರ ಯಾರದೋ ಮನೆಯ ಮುಂದೆ ನಿಂತೇ ಇರುತ್ತದೆ. "ಬೆಂಗಳೂರಲ್ಲಿ ನಮ್ಮಣ್ಣ ದಿನೇಶಂದು ಒಂದು ಫೋರ್ಡ್ ಐಕಾನ್ ಇದೆ. ಈಗ ಅವನೂ ನನ್ನ ಕಸ್ಟಮರ್ರು," ಎನ್ನುತ್ತಾರೆ ಪದ್ಮಾವತಿ.

ಆಫೀಸಿನ ಕಪಾಟಿನಲ್ಲಿ ಇನ್ನೂರ ಹನ್ನೆರಡು ಫೈಲುಗಳಿವೆ. ಒಂದೊಂದು ಕಾರಿಗೆ ಒಂದೊಂದು. ಆಸ್ಪತ್ರೆಯಲ್ಲಿ ರೋಗಿಯ ಫೈಲಿಗೆ ಏನನ್ನುತ್ತಾರೋ ಇಲ್ಲೂ ಅದಕ್ಕೆ ಅದೇ ಹೆಸರು, ಕರುತೆ. ನಿವೃತ್ತಿಯಾದ ಮೇಲೆ ಮಸ್ಟಾಂಗ್ ಕೊಂಡು, ಹೆಂಡತಿ ಹತ್ತಲೊಲ್ಲಳು ಎಂದು ಕೊರಗುವ ಹಲ್ಲಿನ ಡಾಕ್ಟರು ಒಬ್ಬರು ಅದರಲ್ಲಿದ್ದಾರೆ. ಲಾರಿಯಷ್ಟಗಲದ ಎಕ್ಸ್‌ಪ್ಲೋರರ್ ಕಾರು ಮನೆಗೆ ತಂದ ದಿನವೇ ಅದು ತನ್ನ ಕಟ್ಟಡದ ಪಾರ್ಕಿಂಗಿನಲ್ಲಿ ಹಿಡಿಸುವುದಿಲ್ಲ ಎಂದು ತಿಳಿದು, ಕಾರು ಮಾರದೆ ಮನೆಯನ್ನೇ ಬದಲಿಸಿದ ಪುಣ್ಯಾತ್ಮನೂ ಇದ್ದಾನೆ. ಇವರ್‍ಯಾರೂ ಬಾಯಿಬಿಟ್ಟು ದೂರು ಹೇಳುವ ಜನರಲ್ಲ. ಕಾರು ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಾರೆ. ಅದಕ್ಕೆ ಪದ್ಮಾವತಿ ಕಾರಿನ ಸುದ್ದಿಯನ್ನೇ ಎತ್ತುವುದಿಲ್ಲ.

"ನಮ್ಮಲ್ಲಿ ಊಟ ಆಯ್ತಾ ಅಂತ ಕೇಳ್ತೀವಲ್ಲ, ಹಾಗೆ. ಭಾನುವಾರ ಎಲ್ಲಿಗೆ ಹೋಗಿದ್ರಿ ಅಂತೀನಿ. ಬೆಟ್ಟಕ್ಕೆ ಹೋಗಿದ್ದೆ ಅಂತಾರೆ. ಇಳಿಜಾರಲ್ಲಿ ಎಲೆ ಕೆಂಪಾಗಿತ್ತಾ ಅಂತೀನಿ. ಆಗ ನಿಧಾನಕ್ಕೆ ಹೇಳ್ತಾರೆ, ಎಲೆ ನೋಡಕ್ಕೆ ಆಗ್ಲಿಲ್ಲ, ಹಿಂದಿನ ಚಕ್ರ ಕಿರುಗುಡ್ತಿತ್ತು ಅಂತ. ಸಿಕ್ಕಿತಲ್ಲ!"

ಕುರಿಹಾರಾ-ಸಾನ್ ಅವರ ಕಾರಿನ ಕಾಯಿಲೆ ತಿಳಿದದ್ದೂ ಹೀಗೆಯೇ. ತ್ಸುಕುಬಾದ ಸಂಶೋಧನಾ ಕೇಂದ್ರದಲ್ಲಿ ಬೀಜಗಳ ಮೇಲೆ ಕೆಲಸ ಮಾಡಿ ನಿವೃತ್ತರಾದ ಎಪ್ಪತ್ಮೂರರ ಹೆಂಗಸು ಆಕೆ. 1983ರಲ್ಲಿ, ಊರಿಗೆ ಮರಳುತ್ತಿದ್ದ ಒಬ್ಬ ಅಮೆರಿಕನ್ ಸೈನಿಕನಿಂದ ಅವರು 1964ರ ಫೋರ್ಡ್ ಫಾಲ್ಕನ್ ಕೊಂಡರು. ವಿಭಾಗದಲ್ಲಿ ಇವರೊಬ್ಬರೇ ಹೆಂಗಸು. ಗಂಡಸರೆಲ್ಲ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಈಕೆ ತಿಳಿನೀಲಿ ಬಣ್ಣದ ಈ ದೊಡ್ಡ ಕಾರಿನಲ್ಲಿ ಬಂದಿಳಿಯುತ್ತಿದ್ದರು. ನೋಡಿಕೊಳ್ಳುತ್ತಿದ್ದ ಹಳ್ಳಿಯ ಮೆಕ್ಯಾನಿಕ್ ಹೋದ ವರ್ಷ ತೀರಿಕೊಂಡ ಮೇಲೆ, ಕಾರಿನ ಕಾಗದಗಳು ಶಿಯೋದಾ-ಸಾನ್ ಗ್ಯಾರೇಜಿಗೆ ಬಂದವು.

ಜಪಾನಿನಲ್ಲಿ ಎರಡು ವರ್ಷಕ್ಕೊಮ್ಮೆ ಕಾರನ್ನು ಸರ್ಕಾರಿ ತಪಾಸಣೆಗೆ ಒಯ್ಯಬೇಕು. ಅದಕ್ಕೆ ಶಾಕೆನ್ ಎನ್ನುತ್ತಾರೆ. ಪಾಸಾಗದ ಕಾರು ರಸ್ತೆಗೆ ಇಳಿಯುವಂತಿಲ್ಲ. ಫಾಲ್ಕನ್ನಿನ ಗಡುವು ಮುಂದಿನ ಬುಧವಾರಕ್ಕೆ ಮುಗಿಯುತ್ತದೆ. ಇನ್ನು ಸಾಕು, ಓಡಿಸಬೇಡ ಎಂದು ಮನೆಯವರು ವರ್ಷಗಟ್ಟಲೆ ಹೇಳಿ ಹೇಳಿ, ಕೊನೆಗೆ ಕುರಿಹಾರಾ-ಸಾನ್ ಒಂದು ಮಾತು ಕೊಟ್ಟಿದ್ದಾರೆ. ಶಾಕೆನ್ ತಪ್ಪಿದ ದಿನ ನಂಬರ್ ಪ್ಲೇಟ್ ವಾಪಸು ಕೊಟ್ಟು, ಕಾರನ್ನು ಗುಜರಿಗೆ ಕಳಿಸುತ್ತೇನೆ ಎಂದು. ಕೊಟ್ಟ ಮಾತಿಗೆ ತಪ್ಪುವ ಪೈಕಿ ಅಲ್ಲ ಆಕೆ.

ಹಿಂಗಾಲಿಯ ಎರಡೂ ಡ್ರಮ್ಮು ಸವೆದಿವೆ ಎಂದು ಫೋನಿನಲ್ಲೇ ಅರಿತ ಪದ್ಮಾವತಿ, ಕಾರು ಗ್ಯಾರೇಜಿಗೆ ಬರುವ ಮೊದಲೇ ಹೊಸತಕ್ಕೆ ಬರೆದರು. ನೋಂದಣಿ ಕಾಗದ ನೋಡಿದರು. ಆರು ಸಿಲಿಂಡರ್ ಎಂಜಿನ್ ಎಂದಿತ್ತು. ಕೆಟಲಾಗ್ ನೋಡಿದರು. ಆರು ಸಿಲಿಂಡರ್ ಫಾಲ್ಕನ್ನಿಗೆ ನಾಲ್ಕು ಬೋಲ್ಟಿನ ಗಾಲಿ ಎಂದಿತ್ತು. ಬೋಲ್ಟಿಗೊಂದರಂತೆ ನಾಲ್ಕು ತೂತಿನ ಡ್ರಮ್ಮು ಮೂರು ವಾರ ಪ್ರಯಾಣ ಮಾಡಿ ಬಂತು. ಶಿಯೋದಾ-ಸಾನ್ ತ್ಸುಕುಬಾಕ್ಕೆ ಹೋಗಿ, ಗಾಲಿಯ ಮೇಲಿನ ಹೊಳೆಯುವ ತಟ್ಟೆ ಕಳಚಿ ನೋಡಿದರೆ ಅಲ್ಲಿ ಐದು ಬೋಲ್ಟು! ಹಿಂದಿನ ಯಾವನೋ ಸೈನಿಕ ಗಾಲಿ ಗಟ್ಟಿಯಿರಲಿ ಎಂದು ಎಂಟು ಸಿಲಿಂಡರ್ ಕಾರಿನ ಆಕ್ಸಲ್ಲು, ಅಂದರೆ ಗಾಲಿಯ ಅಚ್ಚು, ತೊಡಿಸಿದ್ದ. ಅದನ್ನು ಯಾರೂ ಯಾವ ಕಾಗದದಲ್ಲೂ ಬರೆದಿರಲಿಲ್ಲ.

"ಜೆ.ಸಿ. ರೋಡಲ್ಲಿ ಆಗಿದ್ರೆ ಈ ತಪ್ಪು ಮಾಡ್ತಾನೇ ಇರ್ಲಿಲ್ಲ," ಎನ್ನುವಾಗ ಅವರ ದನಿ ಇಳಿಯುತ್ತದೆ. "ಅಲ್ಲಿ ಆರ್.ಸಿ. ಬುಕ್ ಯಾರ್ ನಂಬ್ತಾರೆ? ಹಳೇ ಪಾರ್ಟ್ ಬಿಚ್ಚಿ ತಗೊಂಡ್ ಬಾ, ಆಮೇಲೆ ಹೊಸದು ಕೊಡ್ತೀನಿ ಅಂತಿದ್ರು ಅಪ್ಪ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದಿನಾ ಹೇಳೋರು. ಇಲ್ಲಿಗೆ ಬಂದು ಹದಿನೈದು ವರ್ಷದಲ್ಲಿ ಒಂದ್ಸಲಾನೂ ಒಂದು ಕಾಗದ ನಂಗೆ ಸುಳ್ಳು ಹೇಳಿಲ್ಲ. ರೈಲ್ ಟೈಮ್ ಟೇಬಲ್ ಇಂದ ಹಿಡಿದು ಎಲ್ಲಾ ನಿಜ. ಹಂಗಾಗಿ ನಂಬಿಬಿಟ್ಟೆ."

ಕಳೆದ ಶನಿವಾರ ಅವರು ಸಿಹಿತಿಂಡಿಯ ಡಬ್ಬಿ ಹಿಡಿದು, ರೈಲು ಹತ್ತಿ, ತ್ಸುಕುಬಾಕ್ಕೆ ಹೋಗಿ ತಲೆಬಾಗಿ ಕ್ಷಮೆ ಕೇಳಿದ್ದಾರೆ. ಕುರಿಹಾರಾ-ಸಾನ್ ಬೈಯಲಿಲ್ಲ. ಟೀ ಕೊಟ್ಟರು. ಇಷ್ಟು ವರ್ಷ ಓಡಿತಲ್ಲ, ಸಾಕು ಬಿಡಿ ಎಂದರು. "ಬೈದಿದ್ರೆ ಎಷ್ಟೋ ಚೆನ್ನಾಗಿತ್ತು ಮೇಡಂ. ಅವ್ರು ಸಾಕು ಅಂದಿದ್ದು ಕೇಳಿ ರೈಲಲ್ಲಿ ಅಳು ಬಂತು. ಕಾರಿಗೆ ವಯಸ್ಸಾಗಿ ಹೋದ್ರೆ ಹೋಗ್ಲಿ. ನಾನು ಎಣಿಸ್ಲಿಲ್ಲ ಅಂತ ಹೋಗ್ಬಾರ್ದು." ಅಂದಿನಿಂದ ಅವರು ಫೋನ್ ಮಾಡಿದ ಅಂಗಡಿಗಳು ಇಪ್ಪತ್ತಾರು. ಲೊರೇನ್ ಅವರದು ಇಪ್ಪತ್ತೇಳನೆಯದು.

ಅಳತೆ ಹತ್ತು ಇಂಚು ಎಂದು ಲೊರೇನ್ ಹೇಳುತ್ತಾರೆ. ಎರಡನೇ ಡಬ್ಬಿಯನ್ನೂ ಒಡೆಸಿ, ಎಣಿಸಿ, ಅಳೆಸಿದ ಮೇಲೆಯೇ ಪದ್ಮಾವತಿ ಆ ಹೆಂಗಸನ್ನು ಬಿಡುವುದು. ಡಬ್ಬಿಗಳು ಅಂದೇ ವಿಮಾನಕ್ಕೆ ಹೊರಡಬೇಕು. ಆರೂವರೆಗೆ ಮನೆಗೆ ಮರಳಿ, ಮಗಳ ಡಬ್ಬಿಗೆ ಚಿತ್ರಾನ್ನ ಕಲಸುತ್ತಾ, ಸೋಮವಾರ, ಮಂಗಳವಾರ ಎಂದು ಬೆರಳು ಮಡಿಸುತ್ತಾರೆ. "ಅಮ್ಮಾ, ದೈಜೋಬು," ಎನ್ನುತ್ತಾಳೆ ಅಪೂರ್ವಾ. ಏನೂ ಆಗಲ್ಲ ಎಂದು ಅದರರ್ಥ. ಅಮ್ಮನಿಗೆ ನಂಬಿಕೆ ಬರುವುದಿಲ್ಲ.

ಡ್ರಮ್ಮುಗಳು ಬಂದದ್ದು ಮರುವಾರದ ಮಂಗಳವಾರ ಮಧ್ಯಾಹ್ನ. ಶಿಯೋದಾ-ಸಾನ್ ಸಂಜೆಯೊಳಗೆ ಕೂಡಿಸಿದರು. ಬುಧವಾರ ಬೆಳಿಗ್ಗೆ ತಪಾಸಣೆ ಕೇಂದ್ರದಲ್ಲಿ ನಾನೂ ಹಾಜರು. ಸಾಲಿನಲ್ಲಿ ಬೆಳ್ಳಗೆ ಬೂದುಗೆ ಇರುವ ಹೊಸ ಕಾರುಗಳ ನಡುವೆ ತಿಳಿನೀಲಿ ಫಾಲ್ಕನ್ ನಿಂತಿದೆ. ಸ್ಟಿಯರಿಂಗ್ ಹಿಡಿದವರು ಶಿಯೋದಾ-ಸಾನ್. ಕುರಿಹಾರಾ-ಸಾನ್ ಕೊಡೆ ಹಿಡಿದು ದೂರದಲ್ಲಿ ನಿಂತಿದ್ದಾರೆ. ಇದನ್ನೆಲ್ಲ ಸಾಧ್ಯವಾಗಿಸಿದ ಪದ್ಮಾವತಿಯ ಹೆಸರು ಇಂದಿನ ಯಾವ ಕಾಗದದಲ್ಲೂ ಇಲ್ಲ. ಮೆಕ್ಯಾನಿಕ್ಕಿನ ಮೊಹರಿಗೆ ಜಾಗವಿದೆ, ಮಾಲೀಕರ ಸಹಿಗೆ ಜಾಗವಿದೆ. ಭಾಗ ಹುಡುಕಿದವರಿಗೆ ಅಂಕಣವಿಲ್ಲ.

ಹಿಂಗಾಲಿಗಳು ರೋಲರ್ ಮೇಲೆ ಏರುತ್ತವೆ. ಬ್ರೇಕ್ ಒತ್ತಿ ಎಂದು ಬೋರ್ಡಿನ ಮೇಲೆ ಅಕ್ಷರ ಹೊತ್ತಿಕೊಳ್ಳುತ್ತದೆ. ಪದ್ಮಾವತಿ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ನನಗೆ ನೋವಾಗುತ್ತದೆ. ಬೋರ್ಡಿನಲ್ಲಿ ಒಂದು ದೊಡ್ಡ ಸೊನ್ನೆ ಮೂಡುತ್ತದೆ. ಹೋಯಿತು, ಫೇಲು ಎಂದುಕೊಂಡು ನಾನು ಪದ್ಮಾವತಿಯತ್ತ ತಿರುಗುತ್ತೇನೆ.

"ಅಯ್ಯೋ, ಪಾಸು ಮೇಡಂ! ಇಲ್ಲಿ ಸೊನ್ನೆ ಅಂದ್ರೆ ಸರಿ ಅಂತ. ನಮ್ಮೂರಲ್ಲಿ ಸೊನ್ನೆ ತಗೊಂಡ್ರೆ ಒದೆ ಬೀಳ್ತಿತ್ತು," ಎನ್ನುತ್ತಾ ಅವರು ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ.

ಕಾಗದ ಪತ್ರ ಮುಗಿದು ಇನ್ನೆರಡು ವರ್ಷದ ಚೀಟಿ ಗಾಜಿಗೆ ಅಂಟಿದ ಮೇಲೆ ಕುರಿಹಾರಾ-ಸಾನ್ ಕಾರಿನ ಬಳಿ ಬರುತ್ತಾರೆ. ಬಾಗಿಲು ತೆರೆದು ಹಿಡಿದು, ನೀವು ಯಾವತ್ತೂ ಇದರಲ್ಲಿ ಕೂತಿಲ್ಲ ಅಲ್ಲವೇ ಎಂದು ಪದ್ಮಾವತಿಯನ್ನು ಕೇಳುತ್ತಾರೆ. ಇದರಲ್ಲಿರಲಿ, ತಾವು ಉಳಿಸಿಕೊಟ್ಟ ಇನ್ನೂರು ಚಿಲ್ಲರೆ ಕಾರುಗಳಲ್ಲಿ ಒಂದರಲ್ಲೂ ಅವರು ಕೂತಿಲ್ಲ. ಫೋನಿನಲ್ಲಿ ಮಾತಾಡುವವರನ್ನು ಯಾರು ಕೂರಿಸಿಕೊಳ್ಳುತ್ತಾರೆ? "ಸುಮಿಮಾಸೆನ್, ಸುಮಿಮಾಸೆನ್," ಕ್ಷಮಿಸಿ, ಕ್ಷಮಿಸಿ ಎಂದು ಸಂಕೋಚದಿಂದ ಮುದುಡುತ್ತಲೇ ಅವರು ಮುಂದೆ ಕೂರುತ್ತಾರೆ. ನಾನು ಹಿಂದಿನ ಸೀಟಿಗೆ.

ಕುರಿಹಾರಾ-ಸಾನ್ ಓಡಿಸುತ್ತಾರೆ. ಕಾರು ಗೇಟು ದಾಟಿ ದೊಡ್ಡ ರಸ್ತೆಗೆ ಬಂದು ವೇಗ ಹಿಡಿಯುತ್ತದೆ. ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ತಿರುವಿನಲ್ಲಿ ಸಿಗ್ನಲ್ ಕೆಂಪಾಗುತ್ತದೆ, ಶಾಲೆಯ ಮಕ್ಕಳ ಸಾಲೊಂದು ಹಳದಿ ಟೋಪಿ ಹಾಕಿಕೊಂಡು ಅಡ್ಡ ದಾಟಲು ಇಳಿಯುತ್ತದೆ. ಕುರಿಹಾರಾ-ಸಾನ್ ಕಾಲೊತ್ತುತ್ತಾರೆ. ಕಿರುಗುಟ್ಟುವ ಸದ್ದಿಲ್ಲ, ಎಳೆತವಿಲ್ಲ. ಅರವತ್ತು ವರ್ಷದ ಕಾರು ಬಿಳಿ ಗೆರೆಯ ಹಿಂದೆ ಸುಮ್ಮನೆ ನಿಲ್ಲುತ್ತದೆ. ಮಕ್ಕಳು ದಾಟಿ ಹೋಗುತ್ತಾರೆ.

ಪದ್ಮಾವತಿ ಮೆಲ್ಲಗೆ ಹಿಂದೆ ತಿರುಗಿ, ಕುರಿಹಾರಾ-ಸಾನ್‌ಗೆ ತಿಳಿಯದ ಕನ್ನಡದಲ್ಲಿ, ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳುತ್ತಾರೆ:

"ನೋಡಿದ್ರಾ ಮೇಡಂ, ಎಷ್ಟ್ ಚೆನ್ನಾಗ್ ನಿಲ್ತು."