ಹರಿಹರದ ಸಾರು, ದಾವಣಗೆರೆಯ ಟೀವಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಅದನ್ನು ಕೊಡಿಸಿದವರು ಹರಿಹರದ ಒಬ್ಬ ನಿವೃತ್ತ ಫೋರ್‌ಮನ್. ನನ್ನಂತೆ ಅವರಿಗೂ ಮನೆಯಿಂದಲೇ ದೂರದವರೊಡನೆ ಗಾಳಿಯಲೆಯಲ್ಲಿ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚು. ಕೆಳಗಿದ್ದ ಮನೆಯೊಡತಿ ಅವರ ಹೆಂಡತಿಯ ಅಕ್ಕ. ಭಾನುವಾರ ಊಟವಾದ ಮೇಲೆ ಹರಿಹರದಲ್ಲಿ ಫೋರ್‌ಮನ್ನರು ಹಿತ್ತಿಲ ಕೋಣೆಯ ಬಾಗಿಲು ಹಾಕಿಕೊಂಡು ಮೈಕು ಹಿಡಿಯುತ್ತಿದ್ದರು, ಇಲ್ಲಿ ನಾನು ಹಿಡಿಯುತ್ತಿದ್ದೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಆ ಕಡೆಯವರು ಹೇಳಿದ್ದು ಸರಿಯಾಗಿ ಕೇಳಿಸಿತೆಂದು ತಿಳಿಸಲು ಅದನ್ನೇ ಮತ್ತೆ ಹೇಳಿ, ಕೊನೆಗೆ, ಇನ್ನು ನಿಮ್ಮ ಸರದಿ ಎನ್ನಲು, 'ಓವರ್' ಅನ್ನಬೇಕು. ಸಾರಿಗೆ ಉಪ್ಪು ಜಾಸ್ತಿ ಎಂದು ಅವರು ಗೊಣಗಿದರೆ, ನಾನು ಕೋರ್ಟಿನ ಗುಮಾಸ್ತನಂತೆ ಸಾರಿಗೆ ಉಪ್ಪು ಜಾಸ್ತಿ, ಓವರ್ ಎಂದು ಒಪ್ಪಿಸುತ್ತಿದ್ದೆ.

ಎಡವಟ್ಟಾಗಿದ್ದು ನನ್ನ ಸೆಟ್ಟಿನಿಂದ. ನಾನೇ ಕಟ್ಟಿದ ಆ ಅವತಾರ ಏಳು ಮೆಗಾಹರ್ಟ್ಸಿನಲ್ಲಿ ಮಾತಾಡಿದರೆ ಅದರ ಎರಡು ಪಟ್ಟು, ಮೂರು ಪಟ್ಟು, ಹೀಗೆ ಬೇಡದ ಅಲೆಗಳನ್ನೂ ಕಕ್ಕುತ್ತಿತ್ತು. ಹಾರ್ಮೋನಿಕ್ಸ್ ಎನ್ನುವ ಈ ಬಾಲಂಗೋಚಿಗಳಲ್ಲಿ ಒಂದು ನೇರ ಕೆಳಮನೆಯ ಟೀವಿಗೆ ಹೋಗಿ ಕೂತಿತ್ತು. ಭಾನುವಾರದ ಸಿನಿಮಾದಲ್ಲಿ ನಾಯಕ ಬಾಯಿ ತೆರೆದರೆ ನನ್ನ ದನಿಯಲ್ಲಿ ಉಪ್ಪಿನ ದೂರು. ಒಡತಿ ನನ್ನೆದುರು ತುಟಿ ಬಿಚ್ಚದೆ, ಎಲ್ಲವನ್ನೂ ಹರಿಹರದ ತಂಗಿಗೆ ಫೋನಿನಲ್ಲಿ ವರದಿ ಮಾಡುತ್ತಿದ್ದರು. ಹಿತ್ತಿಲಿನ ಮಾತು ದಾವಣಗೆರೆ ಸುತ್ತಿಕೊಂಡು ಅದೇ ಮನೆಯ ಅಡುಗೆಮನೆ ಸೇರುತ್ತಿತ್ತು.

ಸಂಜೆಯ ಸಾರಿಗೆ ಉಪ್ಪು ಹದವಾಗಿರುತ್ತಿತ್ತು. ಮಂಡಿನೋವು ಎಂದ ದಿನ ಎಣ್ಣೆ ಬಿಸಿಯಾಗುತ್ತಿತ್ತು. ತಾವು ಬಾಯಿ ಬಿಡದೆ ಹೆಂಡತಿಗೆ ಇದೆಲ್ಲ ಹೇಗೆ ತಿಳಿಯುತ್ತದೆಂದು ಫೋರ್‌ಮನ್ನರಿಗೆ ದಿಗಿಲು.

ಕೊನೆಗೆ ಪಕ್ಕದ ಮನೆಯವರು ತಮ್ಮ ಸಿನಿಮಾ ಹಾಳಾಯಿತೆಂದು ಜಗಳಕ್ಕೆ ಬಂದಾಗ ನನಗೆ ಟೀವಿಯ ವಿಷಯ ಗೊತ್ತಾಯಿತು. ತಾಮ್ರದ ತಂತಿ ಸುತ್ತಿ, ಕೆಪಾಸಿಟರ್ ಬೆಸೆದು, ತಗಡಿನ ಡಬ್ಬಿಯಲ್ಲಿ ಒಂದು ಫಿಲ್ಟರ್ ಮಾಡಿ, ಆಂಟೆನಾಗೆ ಹೋಗುವ ದಾರಿಯಲ್ಲಿ ಕೂರಿಸಿದೆ. ಏಳನ್ನು ಬಿಟ್ಟು ಮೇಲಿನದನ್ನೆಲ್ಲ ತಡೆಯುವ ಜರಡಿ ಅದು. ಟೀವಿ ಶುದ್ಧವಾಯಿತು. ನನಗೆ ಜಂಬವೋ ಜಂಬ.

ಕೆಲವು ವಾರ ಕಳೆದು ಒಂದು ಭಾನುವಾರ ಫೋರ್‌ಮನ್ನರ ಹೆಂಡತಿ ಹರಿಹರದಿಂದ ಬಸ್ಸಿನಲ್ಲಿ ಬಂದು ಮಹಡಿ ಹತ್ತಿದರು.

"ಆ ಡಬ್ಬಿ ತೆಗೀರಿ," ಎಂದರು. "ಮನ್ಯಾಗೆ ಅವ್ರು ಸುಮ್ನೆ ಉಂಡು ಏಳ್ತಾರೆ. ಉಪ್ಪು ಜಾಸ್ತಿ ಅಂತಾನೂ ಹೇಳಲ್ಲ. ಅವ್ರ ಮನಸಿನಾಗೆ ಏನೈತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಫಿಲ್ಟರ್ ತೆಗೆಯುವಂತಿರಲಿಲ್ಲ, ಲೈಸೆನ್ಸ್ ಇಲ್ಲದವರ ಕೈಗೆ ಮೈಕು ಕೊಡುವಂತೆಯೂ ಇರಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿ ಸೆಟ್ಟು ಹಾಕಿದೆ. ಹೆಂಡತಿ ಅಕ್ಕನ ಮನೆಗೆ ಹೋಗಿದ್ದಾಳೆ, ಒಬ್ಬನೇ ತಣ್ಣನೆಯ ಸಾರಿನಲ್ಲಿ ಉಂಡೆ ಎಂದು ಹರಿಹರದಿಂದ ದೂರು ಬಂತು. ವಾಡಿಕೆಯಂತೆ ಒಪ್ಪಿಸಿದೆ. ಆಕೆ ನನ್ನ ತೋಳು ತಟ್ಟಿದರು.

"ಸಾರು ಯಾಕ ಬಿಸಿ ಮಾಡ್ಕೊಳ್ಳಿಲ್ಲ ಅಂತ ಕೇಳ್ರಿ."

ಕೇಳಿದೆ. ಸ್ಪೀಕರಿನಲ್ಲಿ ಫೋರ್‌ಮನ್ನರ ದನಿ ಎಂದೂ ಇಲ್ಲದಷ್ಟು ಮೆತ್ತಗೆ ಬಂತು.

"ಪಕ್ಕದಾಗೆ ಅದಾಳಾ? ಸಾರು ಚಲೋ ಇತ್ತು ಅನ್ರಿ. ಜಲ್ದಿ ಮನೆಗೆ ಬಾ ಅನ್ರಿ. ಓವರ್."

ಪದ್ಧತಿಯಂತೆ ಮತ್ತೆ ಹೇಳಲು ನಾನು ಮೈಕು ಎತ್ತಿದೆ. ಆಕೆ ನನ್ನ ಕೈ ಹಿಡಿದು ತಡೆದರು.

"ಇದನ್ನ ಮತ್ತೆ ಹೇಳಾದು ಬ್ಯಾಡ್ರಿ," ಎಂದರು. "ನಂಗೆ ಕೇಳಿಸ್ತು."