ಎರಡನೇ ಬಟನ್

ಮೂವತ್ತೊಂದು ವರ್ಷ ನಾನು ಸಾರಿಗೆ ಬಸ್ಸುಗಳಲ್ಲಿ ಕಳೆದವನು. ಮೊದಲು ಕಂಡಕ್ಟರ್, ಆಮೇಲೆ ಚೆಕಿಂಗ್. ಕುಮಟಾದಿಂದ ಭಟ್ಕಳದವರೆಗೆ ಹೆದ್ದಾರಿಯ ಯಾವ ಸ್ಟಾಪಿನಲ್ಲಾದರೂ ಕೈ ಅಡ್ಡ ಹಿಡಿದು ಬಸ್ಸು ಹತ್ತುತ್ತಿದ್ದೆ. ಟಿಕೆಟ್ ತೆಗೆಯದವನ ಮುಖ ನನಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಅವನು ಜನ್ಮದಲ್ಲಿ ಗದ್ದೆ ಕಾಣದವನಂತೆ ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ. ಯಾರನ್ನೂ ನಂಬದೆ ಇರುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಚಟ ನಿಲ್ಲಲಿಲ್ಲ.

ಆ ಕಾರನ್ನು ಮೊದಲು ಕಂಡದ್ದೂ ಬಸ್ಸಿನ ಕಿಟಕಿಯಿಂದಲೇ. ಜರ್ಮನಿಯದು, ಕಡುನೀಲಿ ಬಣ್ಣ, ತಗ್ಗಿದ ಚಾವಣಿ, ಅಷ್ಟು ಉದ್ದದ ಗಾಡಿಗೆ ಎರಡೇ ಬಾಗಿಲು. ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರದು. ನಮ್ಮ ಬಸ್ಸನ್ನು ಸದ್ದಿಲ್ಲದೆ ದಾಟಿ ಹೋಗುತ್ತಿತ್ತು. ಹತ್ತು ವರ್ಷ ನೋಡಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದೆ. ನಾನು ನಿವೃತ್ತನಾದ ತಿಂಗಳೇ ಅವರು ಅದನ್ನು ಮಾರುತ್ತಾರೆಂದು ತಿಳಿಯಿತು. ಹದಿನೆಂಟು ವರ್ಷದ ಗಾಡಿ, ಹೊಸ ಸಣ್ಣ ಕಾರಿಗಿಂತ ಅಗ್ಗ. ಅಗ್ಗವೆಂದ ಕೂಡಲೇ ನನಗೆ ಅನುಮಾನ. ಮಕ್ಕಳೆಲ್ಲ ದುಬೈಯಲ್ಲಿದ್ದಾರೆ, ಓಡಿಸುವವರಿಲ್ಲ, ನಿಂತಲ್ಲೇ ಹಾಳಾಗುತ್ತದೆ ಎಂದು ಆ ಸಾಹೇಬರು ಹೇಳಿದರೂ ನಾನು ಚಾಪೆ ಎತ್ತಿ, ಡಿಕ್ಕಿ ಬಗೆದು, ಸೀಟಿನ ಸಂದಿಗೆ ಕೈ ಹಾಕಿ ತಡಕಿದೆ. ಖರ್ಜೂರದ ಎರಡು ಬೀಜ ಸಿಕ್ಕಿದವು. ಅವರು ನಗುತ್ತಾ ಚಹಾ ಕುಡಿಸಿ ಎರಡೂ ಚಾವಿ ಕೊಟ್ಟರು. ಒಂದು ಗಾಡಿಯ ಜೊತೆಗೆ, ಇನ್ನೊಂದು ಯಾವತ್ತೂ ನನ್ನ ಅಂಗಿಯ ಜೇಬಿನಲ್ಲಿ.

ಹಳೆಯ ಐಷಾರಾಮಿ ಗಾಡಿ ಸಾಕುವುದೆಂದರೆ ಹಳೆಯ ಜಮೀನ್ದಾರನನ್ನು ಮನೆಯಲ್ಲಿಟ್ಟುಕೊಂಡ ಹಾಗೆ. ಸ್ಪ್ರಿಂಗಿನ ಬದಲು ಅದರಲ್ಲಿ ಗಾಳಿಚೀಲ; ಬೆಳಗಾಗುವಷ್ಟರಲ್ಲಿ ಒಂದು ಮಗ್ಗುಲು ಕುಸಿದು ಕೂತಿರುತ್ತದೆ. ಧಾರೇಶ್ವರದ ನಮ್ಮ ಮನೆಗೆ ಸಮುದ್ರ ಹತ್ತಿರ, ಉಪ್ಪುಗಾಳಿಗೆ ಅಡಿಭಾಗಕ್ಕೆಲ್ಲ ತುಕ್ಕು. ಆದರೂ ಆ ಹಾಳಾದ್ದು ಒಮ್ಮೆ ಶರಾವತಿ ಸೇತುವೆ ಏರಿತೆಂದರೆ, ಕೈ ಕೆಳಗೆ ಬರೇ ಒಂದು ಗುನುಗು. ಆಗ ನಾನು ಯಾರಿಗೂ ಮೆಮೊ ಬರೆಯದ ಮನುಷ್ಯನಾಗುತ್ತಿದ್ದೆ. ಆ ಸುಖಕ್ಕೆ ಎಲ್ಲವನ್ನೂ ಸಹಿಸಿದೆ.

ಗೀರುಗಳನ್ನು ಮಾತ್ರ ಸಹಿಸಲಿಲ್ಲ. ಒಂದಲ್ಲ, ನಾಲ್ಕು, ಎಲ್ಲವೂ ಎಡ ಮಗ್ಗುಲಿಗೆ. ಮೀನು ಮಾರುವವನ ಸ್ಕೂಟರೇ ತಾಗಿದ್ದೆಂದು ಅವನೊಡನೆ ಬೀದಿಯಲ್ಲಿ ಜಗಳವಾಡಿದೆ. ಆಚೆಮನೆಯವರು ಬೇಕೆಂದೇ ಗೇಟಿನ ಕಂಬ ಮುಂದಕ್ಕೆ ಕಟ್ಟಿಸಿದ್ದಾರೆಂದು ಟೇಪು ಹಿಡಿದು ಅಳೆದೆ. ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಕಣ್ಣಿನ ಶಿಬಿರದ ಡಾಕ್ಟರು ನನ್ನ ಎಡಗಣ್ಣಿಗೆ ಪೊರೆ ಬಲಿತಿದೆ, ಆಪರೇಷನ್ ಆಗಲೇಬೇಕು, ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ ಎಂದಿದ್ದರು. ಮನೆಗೆ ಬಂದು ಹೆಂಡತಿಗೆ, ಎಲ್ಲ ಸರಿ ಇದೆಯಂತೆ ಎಂದಿದ್ದೆ. ಗಾಡಿ ಬಿಟ್ಟರೆ ನನಗೆ ಉಳಿಯುವುದಾದರೂ ಏನು, ಆಚೆ ಜಗಲಿ ಈಚೆ ಜಗಲಿ. ಇದ್ದ ಒಂದು ಕಣ್ಣು ಸಾಕು ಎಂದುಕೊಂಡೆ.

ಕುಮಟಾ ಪೇಟೆಯಲ್ಲಿ ಒಂದು ದಿನ ಎಡಬದಿಯ ಬಾಳೆಹಣ್ಣಿನ ಬುಟ್ಟಿಗೆ ಗಾಡಿ ತಾಗಿತು. ಮಾರುವ ಹೆಂಗಸು ಹಾರಿ ಪಾರಾದಳು. ದಾರಿಯಲ್ಲಿ ಕೂತದ್ದೇ ತಪ್ಪು ಎಂದು ನಾನು ರೇಗಿದೆ. ಪಕ್ಕದಲ್ಲಿದ್ದ ಹೆಂಡತಿ ಇಳಿದು ಚೆಲ್ಲಿದ ಹಣ್ಣು ಆರಿಸಿಕೊಟ್ಟಳು. ಆಮೇಲೆ ಅವಳು ಕಾರು ಹತ್ತುವುದನ್ನೇ ಬಿಟ್ಟಳು. ಗುರುವಾರ ಗುರುವಾರ ಬಸ್ಸಿನಲ್ಲಿ ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿರುವ ತನ್ನ ತಂಗಿಯ ಮನೆಗೆ ಹೊರಡತೊಡಗಿದಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಊರಿಗೆ ಊರೇ ಹೊರಟಿತ್ತು, ಇವಳೂ ಹೊರಟಳು ಎಂದು ಸುಮ್ಮನಾದೆ.

ನನ್ನ ಅನುಮಾನವೆಲ್ಲ ಮೆಕ್ಯಾನಿಕ್‌ನ ಮೇಲೆ. ಹೊನ್ನಾವರದ ಹೆದ್ದಾರಿ ಬದಿಯಲ್ಲಿ ಅವನ ಗ್ಯಾರೇಜು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗಾಡಿಯನ್ನು ಬುಧವಾರ ಬಿಡು, ಶುಕ್ರವಾರ ಒಯ್ಯಿ ಎನ್ನುತ್ತಿದ್ದ; ನನ್ನನ್ನು ಮನೆಗೆ ಬಿಡಲು, ಕರೆತರಲು ಅವನ ಕೆಲಸದ ಹುಡುಗನ ಬೈಕು. ಹಳೆಯ ಅಭ್ಯಾಸದಂತೆ ಬಿಡುವಾಗ, ಒಯ್ಯುವಾಗ ಕಿಲೋಮೀಟರ್ ಬರೆದಿಡುತ್ತಿದ್ದೆ. ಪ್ರತಿ ಸಲ ಎಪ್ಪತ್ತರ ಆಸುಪಾಸು ಹೆಚ್ಚು, ಭಟ್ಕಳಕ್ಕೆ ಹೋಗಿ ಬಂದಷ್ಟು. ಮತ್ತೊಂದು ಶುಕ್ರವಾರ ಚಾಲಕನ ಸೀಟಿನ ಕೆಳಗೆ ಮಲ್ಲಿಗೆಯ ಎಸಳು. ಭಟ್ಕಳದ ಮಲ್ಲಿಗೆ, ಮೂಸಿದರೆ ಸಾಕು.

ಆ ಗಾಡಿಯ ಬಾಗಿಲಿನ ಒಳಬದಿಗೆ ಒಂದು, ಎರಡು, ಮೂರು ಎಂದು ಬಟನ್‌ಗಳಿವೆ. ನಮ್ಮ ಅಳತೆಗೆ ಸೀಟು ಹೊಂದಿಸಿ ಒಂದು ನಂಬರಿಗೆ ಕೂಡಿಸಿಟ್ಟರೆ, ಮತ್ತೆ ಅದನ್ನು ಒತ್ತಿದಾಗ ಸೀಟು ತಾನಾಗಿ ಅಲ್ಲಿಗೇ ಹೋಗುತ್ತದೆ. ಒಂದನೆಯದು ನನ್ನದು. ಕೊಂಡಾಗ ಖಾಲಿಯಿದ್ದ ಎರಡನೆಯದನ್ನು ಸುಮ್ಮನೆ ಒತ್ತಿ ನೋಡಿದೆ. ಸೀಟು ಗುಂಯ್ ಎನ್ನುತ್ತಾ ಮೇಲಕ್ಕೂ ಮುಂದಕ್ಕೂ ಸರಿದು ನನ್ನ ಮೊಣಕಾಲನ್ನು ಸ್ಟೇರಿಂಗಿಗೆ ಒತ್ತಿ ಹಿಡಿಯಿತು. ಯಾರೋ ಗಿಡ್ಡ ಜೀವ ನನ್ನ ಕಾರಿನಲ್ಲಿ ಖಾಯಂ ಜಾಗ ಮಾಡಿಕೊಂಡಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

ಸೀದಾ ಗ್ಯಾರೇಜಿಗೆ ಹೋದೆ. ಮದುಮಗನ ಗಾಡಿಯೆಂದು ಭಟ್ಕಳದ ಮದುವೆಗಳಿಗೆ ನನ್ನ ಕಾರನ್ನು ಬಾಡಿಗೆಗೆ ಬಿಡುತ್ತಿದ್ದೀಯ, ಮೇಲಿಂದ ಗಿಡ್ಡ ಡ್ರೈವರ್ ಬೇರೆ ಇಟ್ಟಿದ್ದೀಯ ಎಂದು ಅವನ ಕೆಲಸದವರ ಎದುರಿಗೇ ಕೂಗಾಡಿದೆ. ಕಳ್ಳ ಎಂದೂ ಅಂದೆ. ಅವನ ಮುಖ ಕಪ್ಪಿಟ್ಟಿತು. ಗ್ರೀಸಿನ ಕೈ ಒರೆಸಿಕೊಂಡು, "ಆತು ಮಾರಾಯ, ನಿಂಗೆ ಹಂಗೆ ಕಂಡ್ರೆ ಹಂಗೇ ಇರ್ಲಿ" ಎಂದಷ್ಟೇ ಹೇಳಿದ. ತಪ್ಪಿಲ್ಲದವನು ಇಷ್ಟು ತಣ್ಣಗಿರುತ್ತಾನೆಯೇ ಎಂದು ನನ್ನ ಅನುಮಾನ ಗಟ್ಟಿಯಾಯಿತು.

ಗಾಳಿಚೀಲದ ರಿಪೇರಿ ಬೇರೆಯವರಿಗೆ ಬಗ್ಗುವುದಿಲ್ಲ, ಹಾಗಾಗಿ ಮುಂದಿನ ಬುಧವಾರ ಗಾಡಿಯನ್ನು ಅಲ್ಲೇ ಬಿಟ್ಟೆ. ಗುರುವಾರ ಬೆಳಿಗ್ಗೆ ಹೆಂಡತಿ ತಂಗಿಯ ಮನೆಗೆ ಹೊರಟ ಮೇಲೆ, ಹನ್ನೊಂದಕ್ಕೆ ನಾನು ಭಟ್ಕಳದ ಬಸ್ಸು ಹತ್ತಿದೆ. ಕಾರು ಕೊಂಡ ಮೇಲೆ ಬಸ್ಸು ಹತ್ತಿದ್ದು ಅದೇ ಮೊದಲು. ಹಳೆಯ ಪರಿಚಯದ ಕಂಡಕ್ಟರ್ ಕೈ ಮುಗಿದು ಸೀಟು ತೋರಿಸಿದ. ಹೊನ್ನಾವರದಲ್ಲಿ ಕಿಟಕಿಯಿಂದ ಇಣುಕಿದೆ: ಗ್ಯಾರೇಜಿನ ಮುಂದೆ ನನ್ನ ಕಾರಿನ ಜಾಗ ಖಾಲಿ. ಸಿಕ್ಕಿಬಿದ್ದ ಮಗ ಎಂದುಕೊಂಡೆ. ಬಸ್ಸು ಸೇತುವೆ ದಾಟಿತು. ಬರುವ ಕಾರುಗಳನ್ನೆಲ್ಲ ಕಣ್ಣಿಟ್ಟು ನೋಡುತ್ತಾ ಕೂತೆ.

ಸ್ವಲ್ಪ ದೂರ ಹೋದಮೇಲೆ ಒಂದು ಸ್ಟಾಪಿನಲ್ಲಿ ಚೆಕಿಂಗ್‌ನವರು ಹತ್ತಿದರು. ಮುಂದಿದ್ದವನಿಗೆ ಕೆಲಸ ಕಲಿಸಿದ್ದು ನಾನೇ. ನನ್ನ ಸೀಟಿನ ಬಳಿ ನಿಂತು, ಬಹಳ ಸಂಕೋಚದಿಂದ, "ಸರ್, ಟಿಕೆಟ್?" ಎಂದ.

ಟಿಕೆಟ್ ಇರಲಿಲ್ಲ. ತೆಗೆಯಬೇಕೆಂದು ಹೊಳೆದೇ ಇರಲಿಲ್ಲ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ನನ್ನನ್ನು ಯಾರೂ ಟಿಕೆಟ್ ಕೇಳಿದವರಿಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ, ಥೇಟ್ ಟಿಕೆಟ್ ತೆಗೆಯದವರ ಹಾಗೆಯೇ. ಪರಿಚಯದವರೆಂದು ಬಿಟ್ಟರೆ ಚೆಕಿಂಗ್ ಅಲ್ಲ ಎಂದು ಅವನಿಗೆ ಪಾಠ ಹೇಳಿದ್ದೂ ನಾನೇ. ಕೆಳಗಿಳಿಸಿ ದಂಡ ಬರೆದ. ಪಾಪ, ನನಗೆ ಕೈ ಮುಗಿದ ಕಂಡಕ್ಟರ್‌ಗೂ ಮೆಮೊ. ಬಸ್ಸಿನ ತುಂಬ ಇದ್ದ ಹೆಂಗಸರು ಕಿಟಕಿಗಳಿಂದ ಬಗ್ಗಿ ನೋಡಿದರು. ನಾಚಿಕೆಯಿಂದ ಸತ್ತುಹೋದೆ. ಬಸ್ಸು ಮುಂದೆ ಹೋಯಿತು.

ಅದೇ ಹೊತ್ತಿಗೆ ಆಚೆ ರಸ್ತೆಯಲ್ಲಿ, ಭಟ್ಕಳದ ಕಡೆಯಿಂದ, ನನ್ನ ನೀಲಿ ಕಾರು ಬಂತು. ವೇಗ ಇಳಿಸಿತು. ಇಂಡಿಕೇಟರ್ ಹಾಕಿ, ಕಾದು, ಡಿವೈಡರ್ ಸುತ್ತಿ, ಎಡಕ್ಕೆ ಒಂದು ಗೀರೂ ಆಗದ ಹಾಗೆ ನನ್ನ ಪಕ್ಕ ಬಂದು ನಿಂತಿತು. ಗಾಜಿಗೆ ಕೆಂಪು 'ಎಲ್' ಅಂಟಿಸಿತ್ತು. ಎಡಗಡೆ ಮೆಕ್ಯಾನಿಕ್. ಸ್ಟೇರಿಂಗ್ ಹಿಂದೆ, ಮುಡಿಗೆ ಮಲ್ಲಿಗೆ ಮುಡಿದು, ನನ್ನ ಹೆಂಡತಿ.

ಅವಳು ಇಳಿದು ಬಂದಳು. ಚೆಕಿಂಗ್‌ನವರನ್ನು ನೋಡಿದಳು, ನನ್ನ ಕೈಯಲ್ಲಿದ್ದ ದಂಡದ ಚೀಟಿ ನೋಡಿದಳು. ನಾನು ಕೂಗಾಡಲು ಬಾಯಿ ತೆರೆದೆ. ಅವಳು ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು.

"ಅಲ್ಲೊಂದು ಬಸ್ಸು ಬತ್ತಾ ಇದ್ದು ಕಾಣಿ. ಬೋರ್ಡು ಓದಿ."

ಎಡಗಣ್ಣಿನ ಮಂಜಿನೊಳಗೆ ದೊಡ್ಡದೊಂದು ಕೆಂಪು ಬರುತ್ತಿತ್ತು. ಈ ದಾರಿಯ ಬಸ್ಸುಗಳ ಹೊತ್ತು ನನಗೆ ಬಾಯಿಪಾಠ. "ಕಾರವಾರ–ಭಟ್ಕಳ, ಹನ್ನೆರಡು ಗಂಟೇದು" ಎಂದೆ, ಒಂದು ಕ್ಷಣವೂ ತಡವರಿಸದೆ.

ಅದು ಗಾಳಿ ಎಬ್ಬಿಸಿ ನಮ್ಮನ್ನು ದಾಟಿ ಹೋಯಿತು. ಹಿಂದೆಯೇ ಒಂದು ವಾಸನೆ ಬಂತು.

"ಬಸ್ಸಲ್ಲ, ಮೀನಿನ ಲಾರಿ" ಎಂದಳು. "ಆ ಬಾಳೆಹಣ್ಣಿನ ಹೆಂಗಸಿಗೆ ಎಂತಾರೂ ಆಗಿದ್ರೆ?"

ಮೆಕ್ಯಾನಿಕ್ ಎಡಗಡೆಯ ಸೀಟನ್ನು ಮಡಚಿ, ಬಾಗಿಲಿಲ್ಲದ ಹಿಂದಿನ ಸೀಟಿಗೆ ತಾನೇ ನುಸುಳಿ, ಮೊಣಕಾಲನ್ನು ಗದ್ದಕ್ಕೆ ಆನಿಸಿಕೊಂಡು ಕೂತ. ಕಳ್ಳನೆಂದರೂ ಬಾಯಿ ಬಿಡದೆ ಇದ್ದದ್ದು ಅವಳಿಗೆ ಕೊಟ್ಟ ಮಾತಿಗಾಗಿ. ನಾನು ಮುಂದಿನ ಸೀಟಿನಲ್ಲಿ ಕೂತು, ಅವನ ಮುಖ ನೋಡಲಾಗದೆ ಮುಂದೆ ನೋಡಿಕೊಂಡೇ "ತಪ್ಪಾತು ಮಾರಾಯ" ಎಂದೆ. ಅವನು ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟ.

ಕುಮಟಾದ ಕಣ್ಣಿನ ಡಾಕ್ಟರು ಎರಡು ಗಂಟೆಯ ತನಕ ಇರುತ್ತಾರೆ ಎನ್ನುತ್ತಾ ಅವಳು ಬೆಲ್ಟ್ ಹಾಕಿಕೊಂಡಳು. ನಾನು ಅಂಗಿಯ ಜೇಬಿನಿಂದ ಇನ್ನೊಂದು ಚಾವಿಯನ್ನು ತೆಗೆದು ಅವಳ ಮಡಿಲಲ್ಲಿ ಇಟ್ಟೆ.